ಬದುಕಿರುವವರ ಫೋಟೋಗೆ ಹೂಮಾಲೆ

ಪ್ರೀತಿಯ ಜಲಜಾ ಮಾಮಿ,

ಮೊದಲು ಲಕೋಟೆಯ ನಾಲ್ಕು ಮೂಲೆ ನೋಡಿ. ಅರಿಸಿನ ಹಚ್ಚಿದ್ದೇನೆ. ಅವಸರದಲ್ಲಿ ಒಂದು ಮೂಲೆಯಲ್ಲಿ ಜಾಸ್ತಿಯಾಗಿ ನಿಮ್ಮ ಹೆಸರಿನ ಮೇಲೂ ಹರಡಿದೆ. ಸಾವಿನ ಸುದ್ದಿ ಬರೆಯುವವರು ಅರಿಸಿನ ಹಚ್ಚುವುದಿಲ್ಲ, ಅದು ನಿಮಗೆ ಗೊತ್ತು. ಆದ್ದರಿಂದ ಸುತ್ತಿ ಬಳಸದೆ ಹೇಳಿಬಿಡುತ್ತೇನೆ: ಅತ್ತೆ ಸತ್ತಿಲ್ಲ. ನಿಮ್ಮ ಅಂಬುಜಾ ಗುಂಡುಕಲ್ಲಿನ ಹಾಗಿದ್ದಾರೆ. ಸೋಮವಾರ ಕೂಡ ಮೆಣಸಿನಕಾಯಿಗೆ ಬಿಸಿಲು ಸಾಲದೆಂದು ಸೂರ್ಯನನ್ನೇ ಬೈದರು. ಅವರನ್ನು ಸಾಯಿಸಿದ್ದು ನಾನು, ಇಮೇಲ್‌ನಲ್ಲಿ.

ಬೈಯಬೇಕೆನಿಸಿದರೆ ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ನೀವಿದ್ದಾಗ ವಾರಕ್ಕೊಂದು ಕಾಗದ ಹೋಗುತ್ತಿತ್ತು. ತ್ರಿಪ್ಲಿಕೇನಿನ ನಮ್ಮ ಹಿತ್ತಲ ಕೋಣೆಯಲ್ಲಿ ಅತ್ತೆ ಸಾರಿನ ಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟು ಮಾಡುವುದು. ನೆಂಟರಲ್ಲದಿದ್ದರೂ ನೀವು ಇನ್ಶೂರೆನ್ಸ್ ಆಫೀಸು ಮುಗಿಸಿ ಬಂದು, ಅಡುಗೆಮನೆಯ ಹೊಸ್ತಿಲ ಬಳಿ ಕೂತು, ಅದನ್ನು ಕೊಳ್ಳುವವರಿಗೆಲ್ಲ ಇಮೇಲ್ ಬರೆಯುವುದು. ಕೆಳಗೆ ಹೆಸರು ಮಾತ್ರ ಅಂಬುಜಮ್ಮ ಎಂದು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಇದೇನು ವ್ಯಾಪಾರವೋ ಹರಟೆಯೋ ಅಂದುಕೊಂಡಿದ್ದೆ. ಆಮೇಲೆ ಆ ದಿನ ಬಂತು. ನೆಂಟರ ಮುಂದೆ ಯಾರೋ ಕಾಗದ ಬಹಳ ಚೆನ್ನಾಗಿರುತ್ತದೆ ಎಂದಾಗ ಅತ್ತೆ, "ಪುಡಿ ಮಾಡೋಳು ನಾನು. ಜಲಜಾ ಸುಮ್ನೆ ಕಾಗದ ಬರೀತಾಳೆ, ಅಷ್ಟೆ" ಅಂದುಬಿಟ್ಟರು. ನೀವು ಕಾಫಿ ಲೋಟ ಕೆಳಗಿಟ್ಟು ಎದ್ದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ನಾಳೆ ಬರುತ್ತಾಳೆ, ನಾಡಿದ್ದು ಬರುತ್ತಾಳೆ ಅನ್ನುತ್ತಾ ಎರಡು ವರ್ಷ ಕಳೆದರು. ತಾವಾಗಿ ನಿಮ್ಮ ಬೆಸೆಂಟ್ ನಗರದ ಬಸ್ಸು ಮಾತ್ರ ಹತ್ತಲಿಲ್ಲ.

ಕಾಗದದ ಕೆಲಸ ನನ್ನ ತಲೆಗೆ ಬಂತು. ನನಗೆ ಬರೆಯಲು ಬರುತ್ತದೆಯೇ ಮಾಮಿ? ಹಬ್ಬಕ್ಕೆ ಹತ್ತು ಪರ್ಸೆಂಟ್ ರಿಯಾಯಿತಿ, ಎರಡು ಪೊಟ್ಟಣ ಕೊಂಡರೆ ಒಂದು ಸಣ್ಣದು ಉಚಿತ, ಇಷ್ಟೇ. ಒಬ್ಬೊಬ್ಬರಾಗಿ ಜನ ತೆರೆದು ನೋಡುವುದನ್ನೇ ಬಿಟ್ಟರು. ಅರ್ಧಕ್ಕಿಂತ ಹೆಚ್ಚು ಹೆಸರುಗಳು ಕುಂಭಕರ್ಣನ ನಿದ್ದೆಗೆ ಬಿದ್ದವು. ನಮ್ಮ ಯಜಮಾನರು ಮುರಳಿ ಹೇಳಿದರು, ತೆರೆಯದವರಿಗೆ ಕಳಿಸುತ್ತಲೇ ಇದ್ದರೆ ತೆರೆಯುವವರ ಕಾಗದವೂ ಸ್ಪ್ಯಾಮಿಗೆ ಬೀಳುತ್ತದೆ, ಮಲಗಿದವರನ್ನು ಒಂದು ಸಲ ಎಬ್ಬಿಸಿ ನೋಡು, ಏಳದಿದ್ದರೆ ಹೆಸರು ತೆಗೆದುಹಾಕು ಎಂದು. ಪಟ್ಟಿಯಲ್ಲಿ ನಿಮ್ಮ ಹೆಸರೂ ಇತ್ತು. ನಾನು ಬರೆದ ಒಂದನ್ನೂ ನೀವು ತೆರೆದಿರಲಿಲ್ಲ.

ಸರಿ, ಎಬ್ಬಿಸುವ ಮೇಲ್ ಚೆಂದವಾಗಿರಬೇಕಲ್ಲ. ಅತ್ತೆಯ ಒಳ್ಳೆಯ ಫೋಟೋ ಹುಡುಕಿ, ಗಾಂಭೀರ್ಯ ಬರಲೆಂದು ಕಪ್ಪುಬಿಳುಪು ಮಾಡಿದೆ. ನವರಾತ್ರಿ ಹತ್ತಿರ ಬಂದಿದೆಯೆಂದು ಸುತ್ತ ಚೆಂಡುಹೂವಿನ ಮಾಲೆಯ ಚೌಕಟ್ಟು ಹಾಕಿದೆ. ಎರಡೂ ಬದಿಗೆ ದೀಪ. ಮೇಲೆ ದಪ್ಪ ಅಕ್ಷರದಲ್ಲಿ, 'ಸದಾ ನಿಮ್ಮ ನೆನಪಿನಲ್ಲಿ'. ಮೂರು ದಿನ ಅದನ್ನೇ ನೋಡಿ ನೋಡಿ ತಿದ್ದಿದವಳಿಗೆ ಅದು ಏನಾಗಿ ಕಾಣುತ್ತದೆಂದು ಹೊಳೆಯಲೇ ಇಲ್ಲ. ಸೋಮವಾರ ಬೆಳಿಗ್ಗೆ ಕಳಿಸಿದೆ.

ಗಂಟೆಯೊಳಗೆ ಎಲ್ಲರೂ ತೆರೆಯತೊಡಗಿದರು! ವರ್ಷದಿಂದ ಅಲ್ಲಾಡದ ಹೆಸರುಗಳೆಲ್ಲ ಎದ್ದು ಕೂತಿದ್ದವು. ನಾನು ಹಿಗ್ಗಿ ಹೀರೇಕಾಯಿಯಾದೆ. ಮುರಳಿಯ ಆಫೀಸಿಗೆ ಫೋನ್ ಮಾಡಿ ಜಂಭ ಕೊಚ್ಚಿದೆ. ಆ ಫೋನ್ ಇಡುವಷ್ಟರಲ್ಲಿ ಬಾಗಿಲ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ನಮ್ಮ ಪುಡಿ ಕೊಳ್ಳುವ ಶಾರದಮ್ಮ, ವಿಲ್ಲಿವಾಕ್ಕಂನ ರೈಲ್ವೆಯವರ ಮನೆಯಾಕೆ. ನನ್ನ ಮುಖ ನೋಡಿದ್ದೇ ತಡ, ತಬ್ಬಿಕೊಂಡು ಗೋಳೋ ಎಂದು ಅತ್ತರು. "ಏನಮ್ಮಾ ಇದು, ಹೇಳದೆ ಕೇಳದೆ ತಿಡೀರ್ ಅಂತ!" ಊರಿನಲ್ಲಿ ನನ್ನ ಅಪ್ಪನಿಗೇ ಏನೋ ಆಗಿದೆ, ನನಗಿಂತ ಮೊದಲು ಇವರಿಗೆ ತಿಳಿದಿದೆ ಅಂದುಕೊಂಡೆ. ಏನಾಯಿತೆಂದು ಕೇಳುವಷ್ಟರಲ್ಲಿ ಅವರ ಹಿಂದೆಯೇ ಬ್ಯಾಂಕಿನಿಂದ ರಿಟೈರ್ ಆದ ಕಮಲಾಕರ ರಾಯರು ಬಂದರು, ಆಮೇಲೆ ಮಾಧವಿ ಎಂಬ ಹುಡುಗಿ, ಇನ್ನೂ ಇಬ್ಬರು. ಯಾರ ಕೈಯಲ್ಲೂ ಏನೂ ಇಲ್ಲ. ನಮ್ಮವರು ಬರಿಗೈಯಲ್ಲಿ ಯಾವಾಗ ಬರುತ್ತಾರೆಂದು ನನಗೆ ಆಗಲೇ ತಿಳಿಯಬೇಕಿತ್ತು. ಗರಬಡಿದವಳಂತೆ ಚಾಪೆ ಹಾಸಿದೆ.

ಅವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳತೊಡಗಿದರು. ನಿಮಗೆ ಹೇಳಲೇಬೇಕಾದದ್ದು ಈ ಮಾತುಗಳನ್ನೇ. ಶಾರದಮ್ಮ ಕಣ್ಣೊರೆಸಿಕೊಳ್ಳುತ್ತಾ, "ಅವರ ಕಾಗದ ಬರೋ ಶುಕ್ರವಾರ ನಾನು ಸೀರಿಯಲ್ಲು ಸಹ ನೋಡ್ತಿರಲಿಲ್ಲ. ನನ್ನ ಮೊಮ್ಮಕ್ಕಳಿಗೆ ಕನ್ನಡ ಓದಕ್ಕೆ ತೆರಿಯಲ್ಲ, ನಾನು ಓದಿ ಹೇಳಿದ್ರೆ ತಮಿಳಲ್ಲಿ ಕೇಳೋವು, ಪಾಟೀ, ಅಪ್ಪುರಂ ಎನ್ನ ಆಚ್ಚು, ಅಜ್ಜೀ ಆಮೇಲೇನಾಯ್ತು ಅಂತ" ಎಂದರು. ಕಮಲಾಕರ ರಾಯರು, "ನನ್ನ ಹೆಂಡತಿ ಹೋದ ಮೇಲೆ ನಾನು ಅಡುಗೆ ಕಲಿತದ್ದು ಆ ಕಾಗದ ನೋಡಿ. ಒಬ್ಬರಿಗೇ ಸಾರು ಮಾಡುವಾಗಲೂ ಇಬ್ಬರಿಗಾಗುವಷ್ಟು ಮಾಡಿ, ಮನೆಗೆ ಯಾರಾದರೂ ಬಂದಾರು ಅಂತ ಬರೆದಿದ್ದರಲ್ಲ? ಇವತ್ತಿಗೂ ಹಾಗೇ ಮಾಡ್ತೀನಿ" ಎಂದರು. ಆ ಮಾಧವಿ ಕೊನೆಗೆ ಬಾಯಿಬಿಟ್ಟಳು. "ನನಗೆ ಕೆಲಸ ಹೋದ ವಾರ ಬಂದಿತ್ತು. ಇವತ್ತು ಏನೂ ಬೇಡ ಅನಿಸಿದರೆ ಮೊಸರಿಗೆ ಮೆಂತ್ಯದ ಹಿಟ್ಟು ಕಲಸಿಕೊಂಡು ಉಣ್ಣಿ, ನಾಳೆಯದು ನಾಳೆ ಅಂತ. ಅದನ್ನ ಓದಿ ಅತ್ತುಬಿಟ್ಟೆ ಆಂಟಿ. ಆಮೇಲೆ ಬರೀ ಡಿಸ್ಕೌಂಟ್ ಬರೋಕೆ ಶುರುವಾಯ್ತು. ಅವರಿಗೆ ಹುಷಾರಿಲ್ಲವೇನೋ ಅಂದುಕೊಂಡು ತೆರೆಯೋದು ಬಿಟ್ಟೆ."

ಒಬ್ಬರಾದರೂ ಹುಳಿಪುಡಿಯ ಹೆಸರೆತ್ತಲಿಲ್ಲ ಮಾಮಿ.

ಆಗ ಕಮಲಾಕರ ರಾಯರು ತಗ್ಗಿದ ದನಿಯಲ್ಲಿ ಕೇಳಿದರು: "ಎಷ್ಟು ಹೊತ್ತಿಗೆ ತೆಗೆದುಕೊಂಡು ಹೋದರು?" ನಾನು ಸುತ್ತ ನೋಡಿದೆ. ಮಾಧವಿಯ ಮೊಬೈಲಿನಲ್ಲಿ ನಾನು ಕಳಿಸಿದ ಚಿತ್ರ ತೆರೆದೇ ಇತ್ತು. ಈ ಊರಿನ ಗೋಡೆಗೋಡೆಗೂ ಅಂಟಿಸುತ್ತಾರಲ್ಲ, ಕಣ್ಣೀರ್ ಅಂಜಲಿ ಎಂದು ಬರೆದ ಸತ್ತವರ ಪೋಸ್ಟರು, ಅದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಇಲ್ಲ, ಹಾಗಲ್ಲ ಎಂದು ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಬಾಗಿಲಿಂದ ದನಿ ಬಂತು. "ಯಾರು ಹೋದದ್ದು, ಹರಿಪ್ರಿಯಾ?"

ಅತ್ತೆ ಮಹಡಿಯಿಂದ ಮೆಣಸಿನಕಾಯಿ ಮೊರ ಹಿಡಿದು ಹಿತ್ತಲ ಮೆಟ್ಟಿಲಲ್ಲಿ ಇಳಿದು ಬಂದಿದ್ದರು.

ಶಾರದಮ್ಮ ಕಿರುಚಿದ್ದು ಗುಡಿಯ ಬೀದಿಯವರೆಗೂ ಕೇಳಿಸಿತಂತೆ. ಕಮಲಾಕರ ರಾಯರು ಎದ್ದವರು ಹಾಗೇ ಗೋಡೆ ಹಿಡಿದು ಕುಸಿದರು. ಅವರಿಗೆ ನೀರು ಚಿಮುಕಿಸಿ, ಎಲ್ಲರ ಕಾಲು ಹಿಡಿಯುವಷ್ಟು ಕ್ಷಮೆ ಕೇಳಿ, ನಡೆದದ್ದನ್ನು ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆಮೇಲೆ ನಕ್ಕರೆನ್ನಿ, ಕಣ್ಣಲ್ಲಿ ನೀರು ಬರುವಷ್ಟು. ಕಾಫಿಯೂ ಆಯಿತು. ಅತ್ತೆ ಮಾತ್ರ ನಗಲಿಲ್ಲ. ಅವರು ಬಾಗಿಲ ಮರೆಯಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮಾಧವಿ ಅವರ ಕೈ ಹಿಡಿದು, "ಹಾಗಾದರೆ ಮತ್ತೆ ಬರೀತೀರಲ್ಲ ಆಂಟಿ?" ಎಂದು ಕೇಳಿದಾಗ ಅತ್ತೆ ಕೈ ಬಿಡಿಸಿಕೊಂಡರು.

"ನಾನು ಒಂದಕ್ಷರ ಬರೆದಿಲ್ಲ ಮಗೂ" ಎಂದರು. "ನೀವೆಲ್ಲ ಇಷ್ಟು ದೂರ ಬಂದು ಅತ್ತದ್ದು ನನಗಲ್ಲ. ಅದೆಲ್ಲ ಬರೆದೋಳು ಜಲಜಾ. ನಾನು ಹೆಸರು ಹಾಕಿಸಿಕೊಂಡೆ, ಅವಳನ್ನ ಆಚೆ ಕಳಿಸಿದೆ."

ಮೂವತ್ತು ವರ್ಷ ಯಾರ ಮುಂದೆಯೂ ತಪ್ಪು ಒಪ್ಪಿಕೊಳ್ಳದ ಹೆಂಗಸು, ತನ್ನ ಸಾವಿಗೆ ಬಂದವರ ಮುಂದೆ ಒಪ್ಪಿಕೊಂಡರು.

ಸಂಜೆ ಎಲ್ಲರಿಗೂ ತಿದ್ದುಪಡಿಯ ಮೇಲ್ ಹೋಯಿತು. ಫೋಟೋ ಇಲ್ಲದೆ, ಹೂವಿಲ್ಲದೆ. ಒಬ್ಬರಿಗೆ ಮಾತ್ರ ಹೋಗಲಿಲ್ಲ. ಬೆಳಗಿನ ಮೇಲನ್ನು ನೀವು ಮತ್ತೆ ಮತ್ತೆ ತೆರೆದು ನೋಡಿದ್ದೀರಿ. ಅದೆಲ್ಲ ನಮಗೆ ಕಾಣುತ್ತದೆ, ತಪ್ಪು ತಿಳಿಯಬೇಡಿ. ಕೊನೆಗೆ ತಳದಲ್ಲಿದ್ದ ಅನ್‌ಸಬ್‌ಸ್ಕ್ರೈಬ್ ಒತ್ತಿದ್ದೀರಿ. ಹಾಗೆ ಒತ್ತಿದವರಿಗೆ ನಮ್ಮ ಪಟ್ಟಿಯಿಂದ ಇನ್ನೊಂದು ಮೇಲ್ ಹೋಗುವುದಿಲ್ಲ, ತಲೆ ಚಚ್ಚಿಕೊಂಡರೂ ಹೋಗುವುದಿಲ್ಲ. ಯಾರಿಗೆ ಮೊದಲು ತಿಳಿಸಬೇಕಿತ್ತೋ ಅವರಿಗೇ ದಾರಿ ಮುಚ್ಚಿತ್ತು. ಯಾಕೆ ಬಿಡುತ್ತಿದ್ದೀರಿ ಎಂದು ಅದು ಕೇಳುತ್ತದಲ್ಲ, ಮೇಲ್ ಜಾಸ್ತಿಯಾಯಿತು, ಇಷ್ಟವಾಗಲಿಲ್ಲ ಎಂದೆಲ್ಲ ಆಯ್ಕೆ ಕೊಟ್ಟು? ನೀವು ಯಾವುದನ್ನೂ ಒತ್ತದೆ, ಕೆಳಗಿನ ಖಾಲಿ ಜಾಗದಲ್ಲಿ ಬರೆದಿದ್ದಿರಿ: 'ಬರೆಸುತ್ತಿದ್ದವಳೇ ಹೋದಳು. ಇನ್ನು ಯಾರ ಕಾಗದ ಓದಲಿ?'

ಅತ್ತೆಗೆ ಓದಿ ಹೇಳಿದೆ. ಕನ್ನಡಕ ತರಿಸಿಕೊಂಡು ತಾವೇ ಇನ್ನೊಮ್ಮೆ ಓದಿದರು.

ನಿಮ್ಮ ಹೊಸ ನಂಬರು ನಮ್ಮಲ್ಲಿರಲಿಲ್ಲ. ನನ್ನ ಸ್ವಂತ ವಿಳಾಸದಿಂದ ಬರೆದ ಮೇಲನ್ನು ನೀವು ನೋಡಲಿಲ್ಲ. ಮಂಗಳವಾರ ಬೆಳಿಗ್ಗೆ ಅತ್ತೆಯೂ ನಾನೂ ಬೆಸೆಂಟ್ ನಗರಕ್ಕೆ ಓಡಿಬಂದರೆ ಬಾಗಿಲಿಗೆ ಬೀಗ. ಎದುರು ಮನೆಯ ಸುಮತಿಯವರು ಅತ್ತೆಯನ್ನು ಗುರುತಿಸದೆ ನಡೆದದ್ದನ್ನೆಲ್ಲ ಹೇಳಿದರು. ಸುದ್ದಿ ನೋಡಿದವರೇ ನೀವು ಉಟ್ಟ ಸೀರೆಯಲ್ಲೇ ತಲೆಗೆ ನೀರು ಹಾಕಿಕೊಂಡಿರಂತೆ. ಹೋಗಿ ನೋಡಿಬನ್ನಿ ಎಂದು ಅವರು ಹೇಳಿದ್ದಕ್ಕೆ, "ಇದ್ದಾಗ ಹೋಗದೋಳು ಈಗ ಹೋಗಿ ಯಾರ ಮುಖ ನೋಡಲಿ?" ಅಂದಿರಂತೆ. ಕಾವೇರಿಯಲ್ಲಿ ಮುಳುಗಿ ಬರುತ್ತೇನೆಂದು ಫೋನನ್ನೂ ಮನೆಯಲ್ಲೇ ಬಿಟ್ಟು ಶ್ರೀರಂಗಕ್ಕೆ ಹೊರಟಿರಂತೆ. ಹೋದವರು ನಿಮಗೆ ಏನಾಗಬೇಕು ಎಂದು ಸುಮತಿ ಕೇಳಿದಾಗ ನೀವು "ಅಕ್ಕ" ಎಂದಿರಂತೆ.

ಸುಮತಿ ಒಳಗೆ ನೀರು ತರಲು ಹೋದರು. ಅತ್ತೆ ನಿಮ್ಮ ಬಾಗಿಲ ಮುಂದೆಯೇ ಕುಸಿದು ಕೂತರು. "ರಕ್ತ ಹಂಚಿಕೊಂಡೋರಿಗೆ ಮಾಡೋ ಸ್ನಾನ ನನಗೆ ಮಾಡಿದ್ದಾಳೆ. ಬದುಕಿರೋದಕ್ಕೇ ನಾಚ್ಕೆ ಆಗ್ತಿದೆ ಕಣೆ" ಎಂದರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಏನು ಮಾಡಬೇಕೋ ತೋಚದೆ ಪಕ್ಕದಲ್ಲಿ ಕೂತೆ.

ನೀವು ಗುರುವಾರ ಬೆಳಗಿನ ರೈಲಿಗೆ ಬರುತ್ತೀರೆಂದು ಸುಮತಿಯವರಿಂದ ತಿಳಿದ ಮೇಲೆ ಈ ಕಾಗದ ಬರೆದೆ. ಬೀಗದ ಸಂದಿಗೆ ಸಿಕ್ಕಿಸಿ ಹೋಗುತ್ತೇನೆ. ಇದನ್ನು ಮೊದಲೇ ಓದಿಸುವುದಕ್ಕೆ ಕಾರಣವಿದೆ. ಕಮಲಾಕರ ರಾಯರಿಗೆ ಆದದ್ದು ನಿಮಗೂ ಆಗಬಾರದು. ನೀವು ಬೇರೆ ಎರಡು ದಿನದಿಂದ ಅನ್ನ ಮುಟ್ಟಿರಲಾರಿರಿ. ಮನೆಗೆ ಹೋಗೋಣ ಬನ್ನಿ ಎಂದರೂ ಅತ್ತೆ ಬರಲಿಲ್ಲ ಮಾಮಿ. ನಿನ್ನೆಯಿಂದ ಸುಮತಿಯವರ ಮನೆಯಲ್ಲೇ ಇದ್ದಾರೆ, ಅವರ ಅಡುಗೆಮನೆಯಲ್ಲೇ ಸಾರು ಕುದಿಸುತ್ತಾರೆ, ಲಿಫ್ಟಿನ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಾರೆ. ಬೀಗ ಆಮೇಲೆ ತೆಗೆದರಾಯಿತು. ಚೀಲ ಅಲ್ಲೇ ಇಡಿ, ತಿರುಗಿ ಎದುರಿನ ಬಾಗಿಲು ತಟ್ಟಿ. ತೆಗೆಯುವುದು ಸುಮತಿಯಲ್ಲ.

ಈ ಕ್ಷಣ ನಿಮ್ಮ ಎದೆ ಗಟ್ಟಿಯಾಗಿರಲಿ, ಮುಂದಿನ ದಿನಗಳೆಲ್ಲ ನಿಮ್ಮಿಬ್ಬರ ಜಗಳದಲ್ಲೇ ಕಳೆಯಲಿ ಎಂದು ಹಾರೈಸುವ, ನಿಮ್ಮ ಕಾಲಿಗೆ ಬೀಳಬೇಕಾದ ಸೊಸೆ,

ಹರಿಪ್ರಿಯಾ