ತಲೆಗೆ ಹಚ್ಚುವ ಎಣ್ಣೆ

ಹೊಳೆನರಸೀಪುರ, ೧೯೫೮

ತಮ್ಮಾ ಚನ್ನಬಸವ,

ಮಣ್ಣಿಗೆ ಹೋದವನಿಗೆ ಕಾಗದ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಯಾರೊಡನೆಯೂ ಮಾತಾಡಲು ಮನಸ್ಸಿಲ್ಲ.

ನಿನ್ನೆ ನಿನ್ನ ಹೆಂಡತಿ ವಾರಿಜ ಮಲ್ಪೆಯಿಂದ ಬಂದಿದ್ದಳು, ಮದುವೆಯಾದ ಮೇಲೆ ಮೊದಲ ಸಲ. ಅವ್ವ ಜಗಲಿಯಲ್ಲೇ ಕೂರಿಸಿ ಕೇಳಿದಳು: “ನನ್ ಮಗನ್ನ ಸುಟ್ಬುಟ್ರಾ?”

“ಇಲ್ಲ ಅತ್ತೆ. ನಿಮ್ಮ ಕ್ರಮದಂತೆ ಕೂರಿಸಿಯೇ ಹುಗಿದದ್ದು. ಲಿಂಗ ಅವರ ಅಂಗೈಯಲ್ಲೇ ಉಂಟು.”

ಕಡಲ ದಂಡೆಯ ಮರಳು ತೋಡಿದಷ್ಟೂ ಕುಸಿಯಿತಂತೆ. ನಮ್ಮ ಪದ್ಧತಿಯನ್ನು ಕಂಡೇ ಇರದ ಅವಳ ಕಡೆಯ ಮೀನುಗಾರರು ತೆಂಗಿನ ಗರಿ ಹೆಣೆದು ಗುಂಡಿಗೆ ಗೋಡೆ ಕಟ್ಟಿದರಂತೆ.

ನಮಗೆಂದು ಅವಳು ಬಾಳೆಕಾಯಿ ಕರಿದು ತಂದಿದ್ದಳು. ಅವ್ವ ಮೂಸಿ ಮುಖ ತಿರುಗಿಸಿದಳು.

“ತಲೆಗ್ ಹಚ್ಚೋ ಕೊಬ್ರಿ ಎಣ್ಣೇಲಿ ಕರ್ದವ್ಳೆ ಕಣೇ ರೇವಿ. ತಿಪ್ಪೆಗ್ ಸುರ್ದು ಬಾ.”

ಅವಳ ಎದುರಿಗೇ. ಆದರೂ ಸುರಿದು ಬಂದೆ. ವಾರಿಜ ಖಾಲಿ ಡಬ್ಬಿ ಇಸಕೊಂಡು ಬಸ್ಸಿಗೆ ಹೋದಳು. ಅವಳು ಕೂತಿದ್ದ ಜಾಗವನ್ನು ಅವ್ವ ಸಗಣಿ ಹಾಕಿ ಸಾರಿಸಿದಳು.

ಸಂಜೆ ಎಂದಿನಂತೆ ಕೂದಲು ಬಿಚ್ಚಿಕೊಂಡು, ಕೊಬ್ಬರಿ ಎಣ್ಣೆಯ ಗಿಂಡಿ ಹಿಡಿದು ಅವ್ವ ನನ್ನ ಮುಂದೆ ಕೂತಳು. ಹಚ್ಚಿದೆ. ಆಮೇಲೆ ಸೀಗೆಪುಡಿ ಹಾಕಿ ನನ್ನ ಕೈ ಉಜ್ಜಿ ಉಜ್ಜಿ ತೊಳೆದೆ. ಎಣ್ಣೆ ಹೋಯಿತು. ಡಬ್ಬಿ ಸುರಿದು ಬಂದ ಈ ಕೈ ನೋಡಿದರೆ ಇನ್ನೂ ಹೇಸಿಗೆಯಾಗುತ್ತದೆ.

ನಿನ್ನ ರೇವಕ್ಕ