ಕೆಲಸಕ್ಕೆ ಬಾರದ ಡಬ್ಬಿ

ಜೂನ್ 3, ಸೋಮವಾರ. ಬೆಳಗ್ಗೆ

ಮತ್ತೆ ಅಪ್ಪನ ಅದೇ ಪೀಪಿ. ಎರಡು ಸಲ ಊದಿದರೆ ಬಚ್ಚಲು ಖಾಲಿ, ಹೊರಡಬಹುದು. ಒಂದೇ ಸಲ ಊದಿದರೆ ಒಳಗೆ ಯಾರೋ ಇದ್ದಾರೆ, ಸ್ಟಾಪ್. ಅಪ್ಪ ಬಸ್ ಕಂಡಕ್ಟರ್ ಕೆಲಸದಿಂದ ರಿಟೈರ್ ಆಗಿ ವರ್ಷಗಳೇ ಆದವು. ಮನೆ ಮಾತ್ರ ಇನ್ನೂ ರೂಟಿನಲ್ಲೇ ಇದೆ.

ಪೀಪಿ ಬಂದದ್ದು ಡಬ್ಬಿಯ ದುಡ್ಡಿನಲ್ಲಿ. ಹಳೆಯ ಡೈರಿ ಮುಗಿದು ಇದು ಹೊಸದು, ಆದ್ದರಿಂದ ಮನೆಯ ಕಾನೂನನ್ನು ಇನ್ನೊಮ್ಮೆ ದಾಖಲಿಸುವುದು ಒಳ್ಳೆಯದು.

ಎದುರುಗಡೆ ಗಾಜಿನ ಶೋರೂಮ್ ತೆರೆದ ಮೇಲೆ ನಮ್ಮ ಕನ್ನಡಕದ ಅಂಗಡಿಗೆ ದೃಷ್ಟಿ ತಗುಲಿತು. ಯಜಮಾನರು ಕರೆದು, "ನೀನು ಮಧ್ಯಾಹ್ನದ ಮೇಲೆ ಬಂದ್ರೆ ಸಾಕಪ್ಪ" ಅಂದರು. ಅರ್ಧ ದಿನ, ಅರ್ಧ ಸಂಬಳ. ಹೆಂಡತಿ ಮನೆಯಲ್ಲೇ ಹೊಲಿಗೆ ಕೆಲಸ ಹಿಡಿದಳು. ಬಟ್ಟೆಗೂ ಖರ್ಚಿಗೂ ಅವಳದು ಒಂದೇ ಕತ್ತರಿ, ಹಾಗಾಗಿ ಈ ಪುಟಗಳಲ್ಲಿ ಅವಳೇ ಕತ್ತರಿ. ಸಕ್ಕರೆ, ಕರೆಂಟು, ಅಪ್ಪನ ಎರಡನೇ ಪೇಪರು — ಎಲ್ಲಕ್ಕೂ ಕತ್ತರಿ ಬಿತ್ತು. ಆಮೇಲೆ ತಾನೇ ಒಂದು ಖಾಲಿ ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದಳು.

"ಎಷ್ಟೇ ಬಿಗಿಯಾಗಿ ಹೊಲಿದ್ರೂ ಒಳಗೆ ಒಂದಿಷ್ಟು ಬಟ್ಟೆ ಬಿಡ್ಬೇಕು. ಇಲ್ದಿದ್ರೆ ಉಸಿರು ಎಳ್ಕೊಂಡ ತಕ್ಷಣ ಪರ್ರಂತ ಹರಿಯುತ್ತೆ. ತಿಂಗಳ ಕೊನೆಗೆ ಉಳಿದದ್ದು ಇದ್ರೊಳಗೆ. ಸರದಿ ಮೇಲೆ ಒಬ್ಬೊಬ್ರು ತಗೊಳ್ಳಿ. ಒಂದೇ ಷರತ್ತು — ಕೆಲಸಕ್ಕೆ ಬರೋದು ಏನನ್ನೂ ಕೊಳ್ಳೋ ಹಾಗಿಲ್ಲ."

ಅಪ್ಪ ಪೀಪಿ ಕೊಂಡರು. ಮಗಳು — ಕಾಲೇಜಿನ ಮೊದಲ ವರ್ಷ, ಬಾಯಿ ತೆರೆದರೆ ಪ್ರಶ್ನೆ, ಆದ್ದರಿಂದ ಪ್ರಶ್ನೆಪತ್ರಿಕೆ — ಎಡಗಾಲಿಗೊಂದು ಬಣ್ಣ ಬಲಗಾಲಿಗೊಂದು ಬಣ್ಣದ ಕಾಲುಚೀಲ ತಂದಳು. ಕಾಲಿಗೆ ಬರುತ್ತದೆ, ಕೆಲಸಕ್ಕೆ ಬರುವುದಿಲ್ಲ ಎಂದು ವಾದಿಸಿ ಗೆದ್ದಳು. ನಾನು ಸಲೂನಿಗೆ ಹೋಗಿ ಶೇವ್ ಮಾಡಿಸಿಕೊಂಡೆ, ಬಿಸಿ ಟವೆಲ್ ಸಮೇತ. "ಆಯ್ತು ಸಾರ್" ಅಂದಾಗ ಅಳು ಬಂದಂತಾಯಿತು.

ಕತ್ತರಿಯ ಸರದಿ ಎರಡು ಸಲ ಬಂತು. ಒಮ್ಮೆ ಗ್ಯಾಸ್ ಸಿಲಿಂಡರ್. ಇನ್ನೊಮ್ಮೆ ಹೊಲಿಗೆ ಮಿಷನ್ನಿನ ಬೆಲ್ಟು.

ಜೂನ್ 5, ಬುಧವಾರ

ಅಂಗಡಿಗೆ ವಾರದ ರಜೆ. ಪಕ್ಕದ ಮನೆಯ ರೇಡಿಯೋದಲ್ಲಿ ಹಳೆಯ ಹಾಡು. ಕರೆಂಟು ಅವರದು, ಕಿವಿ ನಮ್ಮದು. ಕಿಟಕಿಯ ಬಿಸಿಲಲ್ಲಿ ಕಾಲು ಇಟ್ಟುಕೊಂಡು ಕೂತೆ. ಇದಕ್ಕೆ ಬಿಲ್ ಇಲ್ಲ.

ಒಳಗೆ ಮಿಷನ್ನು ಟಕಟಕಟಕ. ಸ್ಕೂಲು ಶುರುವಾಗುವ ಕಾಲ, ಯೂನಿಫಾರ್ಮ್ ಶರ್ಟುಗಳ ರಾಶಿ. ಬೆಳಕು ಹರಿಯುವ ಮುಂಚೆಯೇ ಕೂರುತ್ತಾಳೆ. ಈಗ ಆ ಸದ್ದಿಲ್ಲದಿದ್ದರೆ ನನಗೆ ಬೆಳಗಿನ ಜಾವದ ನಿದ್ದೆಯೇ ಹತ್ತುವುದಿಲ್ಲ... ಒಳ್ಳೆಯ ಜೋಗುಳ.

ಜೂನ್ 8, ಶನಿವಾರ

ಯೂನಿಫಾರ್ಮ್ ಕಂಟ್ರಾಕ್ಟರ್ ಬೆಳಗ್ಗೆಯೇ ಬಂದ. ಕಂಕುಳಲ್ಲಿ ಒಂದು ಗಂಟು. ಬಿಚ್ಚಿ ಒಂದು ಶರ್ಟನ್ನು ಎತ್ತಿ ಹಿಡಿದ.

"ಏನಮ್ಮಾ ಇದು? ಮಕ್ಕಳು ಪೆನ್ನು ಎಲ್ಲಿ ಇಡ್ಬೇಕು?"

ಜೇಬಿನ ಬಾಯಿಯನ್ನೇ ಹೊಲಿದುಬಿಟ್ಟಿದ್ದಾಳೆ. ಒಂದಲ್ಲ, ಇಡೀ ಗಂಟು. ನಾಲ್ಕೂ ಕಡೆ ನೀಟಾದ ಹೊಲಿಗೆ. ಒಂದು ದಾರವೂ ಸೊಟ್ಟಗಿಲ್ಲ.

"ಬಿಚ್ಚಿ ಕೊಡ್ತೀನಿ ಅಣ್ಣಾ. ಸಂಜೆಗೆ ಕೊಡ್ತೀನಿ."

"ಕೊಡಿ. ಆದ್ರೆ ಇನ್ನೊಂದು ಸಲ ಹಿಂಗಾದ್ರೆ ಬೇಜಾರು ಮಾಡ್ಕೋಬೇಡಿ. ಈ ಕೆಲಸಕ್ಕೆ ಬೇರೆಯವ್ರು ಕಾಯ್ತಾ ಇದಾರೆ."

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಒಳ್ಳೇದೇ ಆಯ್ತು ಬಿಡಿ. ಜೇಬೇ ತೆರೀದಿದ್ರೆ ಖರ್ಚೆಲ್ಲಿಂದ?" ಅಂದೆ. ಅಪ್ಪ ನಕ್ಕರು. ಮಗಳು ನಕ್ಕಳು. ಕಂಟ್ರಾಕ್ಟರ್ ಕೂಡ ಹಲ್ಲು ಬಿಟ್ಟ.

ಅವಳು ಬ್ಲೇಡು ತಗೊಂಡು ಹೊಲಿಗೆ ಬಿಚ್ಚತೊಡಗಿದಳು.

ನನ್ನ ಜೋಕಿಗೆ ಅವಳು ನಗದಿದ್ದದ್ದು ಇದೇ ಮೊದಲಲ್ಲ. ಬೈಯದೆ ಇದ್ದದ್ದು ಇದೇ ಮೊದಲು.

ಜೂನ್ 9, ಭಾನುವಾರ

ಶರ್ಟುಗಳ ಗಡಿಬಿಡಿಯಲ್ಲಿ ಉಳಿದುಹೋಗಿದ್ದ ಮೇ ತಿಂಗಳ ಡಬ್ಬಿ ತೆರೆದೆವು. ಸರದಿ ಕತ್ತರಿಯದು. ಎತ್ತಿ ನನ್ನ ಕೈಗೆ ಕೊಡಲು ಬಂದಳು, "ಕರೆಂಟ್ ಬಿಲ್ ಕಟ್ಟಿ ಬನ್ನಿ" ಅಂತ.

"ಫೌಲ್!" ಪ್ರಶ್ನೆಪತ್ರಿಕೆ ಎದ್ದು ನಿಂತಳು. "ಅಮ್ಮಾ, ಹೋದ ಎರಡು ಸಲಾನೂ ಫೌಲ್. ಸಿಲಿಂಡರ್ ಕೆಲಸಕ್ಕೆ ಬರಲ್ವಾ? ಬೆಲ್ಟು ಕೆಲಸಕ್ಕೆ ಬರಲ್ವಾ? ಕಾನೂನು ಮಾಡ್ದೋರೇ ಮುರಿಯೋದಾ?"

"ಕರೆಂಟಿಲ್ದೆ ನಿನ್ನ ಕಾಲುಚೀಲದ ಬಣ್ಣ ಹೆಂಗೆ ಕಾಣ್ಸುತ್ತೆ?"

"ಅದು ಬಜೆಟ್ಟಲ್ಲಿದೆ. ಇದು ಡಬ್ಬಿ."

ಅಪ್ಪ ಮಧ್ಯೆ ಬಂದರು. "ನೋಡಮ್ಮಾ, ಟಿಕೆಟ್ ತಗೊಂಡ್ಮೇಲೆ ಹತ್ಲೇಬೇಕು. ಬಸ್ಸು ನಿನಗೋಸ್ಕರ ಎಷ್ಟು ಹೊತ್ತು ನಿಲ್ಲುತ್ತೆ?"

"ನಂಗೇನೂ ಬೇಡ ಮಾವ."

"ಏನೂ ಬೇಡ್ವಾ? ಹಂಗಾದ್ರೆ ಅದನ್ನೇ ತಗೊಂಡು ಬಾ ಹೋಗು. ಏನೂ ಅಲ್ಲದ್ದಕ್ಕಿಂತ ಕೆಲಸಕ್ಕೆ ಬಾರದ್ದು ಇನ್ನೇನಿದೆ?"

ಅವಳು ಬಿಲ್ಲನ್ನು ಮಡಿಸಿ ಡಬ್ಬಿಯ ಕೆಳಗೆ ಇಟ್ಟಳು. ದುಡ್ಡು ಸೆರಗಿಗೆ ಕಟ್ಟಿಕೊಂಡಳು.

ಜೂನ್ 12, ಬುಧವಾರ. ಸಂಜೆ

ಮಧ್ಯಾಹ್ನ ಊಟವಾದ ಮೇಲೆ ಕತ್ತರಿ "ಹೋಗಿ ಬರ್ತೀನಿ" ಅಂದಳು. ಎಲ್ಲಿಗೆ ಅಂತ ಕೇಳಿದರೆ, "ಏನೂ ಬೇಡ ಅನ್ನೋದು ಎಲ್ಲಿ ಸಿಗುತ್ತೋ ಅಲ್ಲಿಗೆ."

ಬಂದದ್ದು ಸಂಜೆ. ಕೈ ಬರಿದು. ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ನೇತಾಡುತ್ತಿದೆ, ತೆಗೆದಿಡುವುದನ್ನೂ ಮರೆತು ಹೋಗಿದ್ದಾಳೆ. ನಡಿಗೆಯಲ್ಲಿ ಏನೋ ಒಂದು ಸಡಿಲ.

"ಏನು ತಗೊಂಡೆ?" ಅಪ್ಪ.

"ಮುಗಿದೇಹೋಯ್ತು ಮಾವ."

"ತಿಂದ್ಯಾ? ನೋಡಿದ್ಯಾ? ಯಾರ ಜೊತೆ? ಬಿಲ್ ಎಲ್ಲಿ?" ಇದು ಯಾರೆಂದು ಹೇಳಬೇಕಾಗಿಲ್ಲ.

"ನಾಳೆ ಪರೀಕ್ಷೆ ಇಟ್ಕೊಳ್ಳೋಣ" ಎಂದು ಟೀಗೆ ನೀರಿಟ್ಟಳು.

ಒಂದು ವಿಷಯ. ದಿನಾ ಜನರ ಮುಖ ನೋಡುವ ಕೆಲಸ ನನ್ನದು. ಯಾರ ಮೂಗಿನ ಮೇಲೆ ಕನ್ನಡಕ ಎಲ್ಲಿ ಒತ್ತಿದೆ, ಕಿವಿಯ ಹಿಂದೆ ಎಲ್ಲಿ ಕೊರೆದಿದೆ ಅಂತ. ಕತ್ತರಿಯ ಎಡಗೆನ್ನೆಯ ಮೇಲೆ ಸಾಲು ಸಾಲು ಗೆರೆ. ದಪ್ಪ ಬಟ್ಟೆ ಒತ್ತಿದ ಗೆರೆ. ಟೀ ಕುಡಿದು ಮುಗಿಸುವ ಹೊತ್ತಿಗೆ ಮಾಯ.

ಜೂನ್ 14, ಶುಕ್ರವಾರ

ಗೆರೆಯ ಬಗ್ಗೆ ಕೇಳಿದೆ. "ನಿಮ್ಮ ನಂಬರ್ ಜಾಸ್ತಿ ಆಗಿರ್ಬೇಕು, ಚೆಕ್ ಮಾಡಿಸ್ಕೊಳ್ಳಿ" ಅಂದಳು. ಬೈದಳು ಅಂತಲೇ ಇಟ್ಟುಕೊಳ್ಳೋಣ. ಸಮಾಧಾನವಾಯಿತು.

ಜೂನ್ 20, ಗುರುವಾರ

ಮಧ್ಯಾಹ್ನ ಅಂಗಡಿಗೆ ಸಿನಿಮಾ ಟಾಕೀಸಿನ ಗೇಟ್‌ಕೀಪರ್ ಬಂದ. ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವವನು. ಕನ್ನಡಕದ ಕಾಲಿನ ಸ್ಕ್ರೂ ಬಿದ್ದುಹೋಗಿದೆ. ಕೂರಿಸಿಕೊಂಡೆ. ಬಾಯಿಗೆ ಕೆಲಸ ಬೇಕಲ್ಲ, ಹೊಸ ಪಿಕ್ಚರ್ ಹೇಗಿದೆ ಅಂತ ಕೇಳಿದೆ.

"ಸುಮಾರು ಸಾರ್. ನಿದ್ದೆ ಮಾಡೋಕೆ ಚೆನ್ನಾಗಿದೆ." ನಕ್ಕ. "ತಮಾಷೆಗೆ ಹೇಳ್ತಿಲ್ಲ. ಹೋದ ವಾರ ಮ್ಯಾಟಿನಿಗೆ ಒಬ್ರು ಹೆಂಗಸು ಬಂದಿದ್ರು, ಒಬ್ರೇ. ಬಾಲ್ಕನಿ ಟಿಕೆಟ್ಟು. ಕುತ್ತಿಗೇಲಿ ಟೇಲರ್ ಟೇಪು ನೇತಾಡ್ತಿತ್ತು, ಅಳತೆ ತಗೊಳ್ತಾ ಅರ್ಧಕ್ಕೇ ಎದ್ದು ಬಂದೋರ ಥರ. ತೆರೆ ಮೇಲೆ ಹೆಸರು ಬೀಳೋ ಮುಂಚೇನೇ ಮಲಗಿಬಿಟ್ರು ಸಾರ್! ಸೀಟಿಗೆ ಕೆನ್ನೆ ಒತ್ಕೊಂಡು."

ನಾನು ಸ್ಕ್ರೂ ಹಾಕುತ್ತಿದ್ದೆ.

"ಇಂಟರ್‌ವಲ್‌ನಲ್ಲಿ ಲೈಟ್ ಹಾಕ್ತಾರಲ್ಲ, ಆ ಮೂಲೇದೊಂದು ನಾನೇ ಆಫ್ ಮಾಡಿಸ್ದೆ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಜನ ಎಲ್ಲ ಹೋದ್ಮೇಲೂ ಸ್ವಲ್ಪ ಹೊತ್ತು ಬಿಟ್ಟೆ. ಎದ್ದು, 'ತುಂಬಾ ಚೆನ್ನಾಗಿತ್ತು ಅಣ್ಣಾ' ಅಂತ ಹೇಳಿ ಹೋದ್ರು. ಪಾಪ... ಮನೇಲಿ ಮಲಗೋಕೆ ಜಾಗ ಇಲ್ವೋ ಏನೋ."

ಸ್ಕ್ರೂ ಕೈಜಾರಿತು.

"ಜಾಗ ಇದೆ" ಅಂದೆ.

"ಏನ್ ಸಾರ್?"

"ಸ್ಕ್ರೂಗೆ. ಕೂರೋಕೆ ಜಾಗ ಇದೆ ಅಂದೆ."

ದುಡ್ಡು ತಗೊಳ್ಳಲಿಲ್ಲ. ಯಾಕೆ ಅಂತ ಅವನಿಗೆ ಗೊತ್ತಾಗಲಿಲ್ಲ. ಮನೆಗೆ ಬಂದು ಒಬ್ಬರಿಗೂ ಹೇಳಲಿಲ್ಲ. ನಾನು! ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಊಟ ಮಾಡಿದರೆ ಎರಡು ತುತ್ತು ಕಡಿಮೆ ಹೋಗುತ್ತದೆ ಅಂತ ಗೊತ್ತಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ವರ್ಷದಿಂದ ಈ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದೇವೆ. ಅವಳು ಕಾಲು ಚಾಚಿದ್ದನ್ನು ನೋಡಿದ್ದು ಯಾವಾಗ? ನಾನು ಮಲಗುವಾಗ ಅವಳು ಗುಂಡಿಗಳಿಗೆ ಕಾಜಾ ಹಾಕುತ್ತಿರುತ್ತಾಳೆ. ನಾನು ಏಳುವಾಗ ಮಿಷನ್ನು. ನನ್ನ ಬೆಳಗುಗಳೆಲ್ಲ ಖಾಲಿ. ಕಿಟಕಿ, ಬಿಸಿಲು, ರೇಡಿಯೋ, ಈ ಡೈರಿ. ಜೋಗುಳ ಅಂತ ಬೇರೆ ಬರೆದಿದ್ದೇನೆ. ಮೇಲೆ, ಐದನೇ ತಾರೀಕು.

ಜೂನ್ 21, ಶುಕ್ರವಾರ

ಪೀಪಿಗೂ ಮುಂಚೆ ಎದ್ದೆ. ಅವಳ ಪಕ್ಕ ಚಾಪೆ ಹಾಕಿ, ಒಂದು ಶರ್ಟು ಎಳೆದುಕೊಂಡೆ.

"ಏನ್ರೀ? ಹುಷಾರಿಲ್ವಾ?"

"ಗುಂಡಿ ಹಾಕ್ತೀನಿ. ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ ಹಾಕೋ ಕೈ ಕಣೇ ಇದು."

ಸ್ವಲ್ಪ ಹೊತ್ತಿಗೆ ಶರ್ಟು ಕಸಿದುಕೊಂಡು ನೋಡಿದಳು. "ಗುಂಡಿ ಹಾಕ್ತಿದೀರೋ ತೋಡ್ತಿದೀರೋ?"

ಈ ಮನೆಯಲ್ಲಿ ಶ್ಲೇಷೆಯ ಗುತ್ತಿಗೆ ನನ್ನದು ಅಂದುಕೊಂಡಿದ್ದೆ. ಎಲ್ಲ ಬಿಚ್ಚಿಸಿ ಮತ್ತೆ ಹಾಕಿಸಿದಳು. ಬೆರಳಿಗೆ ಸೂಜಿ ಚುಚ್ಚಿತು. ಯಾರೂ ಅಯ್ಯೋ ಅನ್ನಲಿಲ್ಲ.

ಜೂನ್ 30, ಭಾನುವಾರ

ಬರೆಯಲು ಬೆಳಗ್ಗೆ ಹೊತ್ತು ಸಿಗುತ್ತಿಲ್ಲ. ಗುಂಡಿಗಳೆಲ್ಲ ಈಗ ನನ್ನ ಪಾಲು. ಇಸ್ತ್ರಿ ಮಗಳದು. ಅಪ್ಪ ಮಡಿಸಿ ಜೋಡಿಸುತ್ತಾರೆ, "ಮುಂದೆ ಹೋಗಿ, ಮುಂದೆ ಹೋಗಿ, ಹಿಂದೆ ಜಾಗ ಬಿಡಿ" ಅಂತ ಶರ್ಟುಗಳಿಗೆ ಹೇಳುತ್ತಾ.

ನಿನ್ನೆ ಕಂಟ್ರಾಕ್ಟರ್ ಬಂದು ಒಂದೊಂದು ಜೇಬಿಗೂ ಬೆರಳು ಹಾಕಿ ನೋಡಿದ. "ಎಲ್ಲಾ ಬಾಯಿ ಬಿಟ್ಕೊಂಡಿವೆ" ಅಂದ. ಮುಂದಿನ ಗಂಟನ್ನು ಇಳಿಸಿ ಹೋದ. ಅವನು ಹೋದ ಮೇಲೆ ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಎರಡೇ ಉಸಿರು. ಮತ್ತೆ ಎದ್ದಳು.

ಇವತ್ತು ಡಬ್ಬಿ. ಸರದಿ ಅಪ್ಪನದು. ಬಾಲ್ಕನಿ ಟಿಕೆಟ್ಟು ಎರಡಕ್ಕೆ ಸಾಲುವಷ್ಟು ಇದೆ. ಅಪ್ಪನನ್ನು ಹೊರಗೆ ಕರೆದು, ಈ ತಿಂಗಳು ನನಗೆ ಬಿಟ್ಟುಕೊಡಿ ಅಂದೆ. ಯಾಕೆ ಅಂತ ಕೇಳಲಿಲ್ಲ.

"ತಗೋ, ನನ್ನ ಸೀಟಲ್ಲಿ ಕೂತ್ಕೋ. ಆದ್ರೆ ಪಿಕ್ಚರ್ ಕಥೆ ಬಂದು ಪೂರ್ತಿ ಹೇಳ್ಬೇಕು."

ಪಿಕ್ಚರ್ ಅಂತ ನಾನು ಹೇಳಿಯೇ ಇರಲಿಲ್ಲ. ನನ್ನ ಮುಖ ನೋಡಿ ಅಪ್ಪನೇ ಅಂದರು: "ಸೀರೆಯಿಂದ ಪಾಪ್‌ಕಾರ್ನ್ ಉದುರಿತ್ತು ಕಣೋ ಅವತ್ತು. ನಾನೇ ಗುಡಿಸಿದ್ದು."

ಅವಳ ಹತ್ತಿರ ಹೋದೆ. "ಬುಧವಾರ ಪಿಕ್ಚರಿಗೆ ಹೋಗೋಣ್ವಾ?"

"ಯಾವುದು?"

"ನಿದ್ದೆ ಬರೋ ಅಂಥದ್ದು."

ಸೂಜಿಗೆ ದಾರ ಪೋಣಿಸುತ್ತಿದ್ದವಳು ನಿಲ್ಲಿಸಿದಳು. "ಯಾರು ಹೇಳಿದ್ರು?"

"ನಿನ್ನ ಕೆನ್ನೆ."

ದಾರದ ತುದಿಯನ್ನು ಮತ್ತೆ ಹೊಸೆದಳು. ಆಮೇಲೆ, ತಲೆ ಎತ್ತದೆ: "ಅಲ್ಲಿ ಯಾರೂ ಕೂಗಲ್ಲ ಕಣ್ರೀ. ಅಮ್ಮಾ ಅಂತಾಗ್ಲಿ, ಏ ಅಂತಾಗ್ಲಿ. ಕೂಗಿದ್ರೂ ಅದು ನನ್ನನ್ನಲ್ಲ, ತೆರೆ ಮೇಲಿರೋಳನ್ನ."

ನಾನು ಸೂಜಿ ತಗೊಂಡು ದಾರ ಪೋಣಿಸಿ ಕೊಟ್ಟೆ.

"ಬರ್ತೀನಿ" ಅಂದಳು. "ಆದ್ರೆ ಪಕ್ಕದಲ್ಲಿ ಕೂತು ವಟವಟ ಅನ್ನೋ ಹಾಗಿಲ್ಲ."

ಜುಲೈ 3, ಬುಧವಾರ

ವಟವಟ ಅನ್ನಲಿಲ್ಲ. ನಾಯಕ ಬೆಟ್ಟದಿಂದ ಬಿದ್ದು ಪ್ಯಾಂಟಿನ ಇಸ್ತ್ರಿ ಕೆಡದೆ ಎದ್ದು ಬಂದ, ಆಗಲೂ ಇಲ್ಲ. ನಾಲಿಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದೆ.

ಹೆಸರು ಬೀಳುವ ಮುಂಚೆಯೇ ಮಲಗಿದಳು. ಈ ಸಲ ಸೀಟಿನ ಮೇಲಲ್ಲ, ನನ್ನ ಭುಜದ ಮೇಲೆ. ಇಂಟರ್‌ವಲ್‌ಗೆ ತೋಳು ಜೋಮು ಹಿಡಿಯಿತು. ಗೇಟ್‌ಕೀಪರ್ ಟಾರ್ಚ್ ತಿರುಗಿಸಿ ನೋಡಿದ — ಅವಳನ್ನು, ಇವತ್ತೂ ಕುತ್ತಿಗೆಯಲ್ಲೇ ಉಳಿದ ಟೇಪನ್ನು, ಆಮೇಲೆ ನನ್ನನ್ನು. ಬಾಯಿ ತೆರೆದ. ಮುಚ್ಚಿದ. ಹೋಗಿ ಮೂಲೆಯ ಲೈಟು ಆಫ್ ಮಾಡಿಸಿದ.

ಕೊನೆಕೊನೆಗೆ ನನಗೂ ಕಣ್ಣು ಹತ್ತಿತು.

ಮನೆಯಲ್ಲಿ ಅಪ್ಪ ಕುರ್ಚಿ ಎಳೆದುಕೊಂಡು ಕೂತರು. "ಹೇಳು ಕಥೆ." ಬೆಟ್ಟದವರೆಗೆ ಹೇಳಿದೆ. ಅಲ್ಲಿಂದ ಮುಂದೆ ಹೊಸದಾಗಿ ಕಟ್ಟಿದೆ. ಖಳನಾಯಕನಿಗೆ ಕೊನೆಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿದೆ, ಒಳ್ಳೆಯವನಾದ. ಕತ್ತರಿ ಬಾಗಿಲಲ್ಲಿ ನಿಂತು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಅವಳ ಕೆನ್ನೆಯ ಮೇಲೆ ಮತ್ತೆ ಗೆರೆ — ಈ ಸಲ ನನ್ನ ಶರ್ಟಿನ ಹೊಲಿಗೆಯದು. ಅವಳೇ ಹಾಕಿದ್ದು.

ಜುಲೈ 10, ಬುಧವಾರ. ಮಧ್ಯಾಹ್ನ

ಊಟವಾಯಿತು. ಹೊಸ ಗಂಟಿನಲ್ಲಿ ಗುಂಡಿ ಮಾತ್ರ ಬಾಕಿ, ಅದು ನನ್ನದು. "ಐದು ನಿಮಿಷ ಹಂಗೇ ಒರಗ್ತೀನಿ" ಅಂದವಳು ಮಂಚದ ಮೇಲೆ ಮಲಗಿದಳು. ಹಾಡುಹಗಲು. ನಮ್ಮ ಮನೆಯಲ್ಲಿ. ಟಿಕೆಟ್ಟಿಲ್ಲದೆ.

ಐದು ನಿಮಿಷ ಯಾವಾಗಲೋ ಆಗಿಹೋಗಿದೆ.

ಅಪ್ಪ ಪೀಪಿಯನ್ನು ಮೊಳೆಗೆ ನೇತುಹಾಕಿ, ತುದಿಗಾಲಲ್ಲಿ ಬಂದು, ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿ ಹೋದರು. ಮಗಳು ಕಾಲೇಜಿನಿಂದ ಬಂದಳು. ಕಾಲುಚೀಲದಲ್ಲೇ ನಡೆದಳು, ಒಂದು ಬಣ್ಣ, ಇನ್ನೊಂದು ಬಣ್ಣ, ಸದ್ದೇ ಇಲ್ಲ. ಕೊನೆಗೂ ಅದು ಕೆಲಸಕ್ಕೆ ಬಂತು. ದಂಡ ಹಾಕಬೇಕು. ಒಂದು ಚೀಟಿ ಬರೆದು ನನ್ನ ಮುಂದೆ ಸರಿಸಿದಳು: "ಅಮ್ಮ ಯಾಕೆ ಮಲಗಿದಾಳೆ? ಜ್ವರಾನಾ?"

ಕೆಳಗೆ ಬರೆದೆ: "ಇಲ್ಲ. ಸುಮ್ನೆ."

ಗುಂಡಿ ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ಪಕ್ಕದ ಮನೆಯ ರೇಡಿಯೋ ಕೂಡ ಯಾಕೋ ಸುಮ್ಮನಿದೆ. ಬಿಸಿಲು ಕಿಟಕಿಯಿಂದ ಇಳಿದು ಅವಳ ಪಾದದವರೆಗೆ ಬಂದಿದೆ. ಕಾಲು ಚಾಚಿದ್ದಾಳೆ. ಹಾಸಿಗೆಗಿಂತ ಒಂದು ಗೇಣು ಆಚೆಗೇ.

ಮನೆಯಲ್ಲಿ ಈಗ ಇರುವ ಸದ್ದೆಂದರೆ ಈ ಪೆನ್ನಿನ ಕರಕರ ಒಂದೇ. ಹೊರಳಿದಳು... ಇಲ್ಲ, ಏಳಲಿಲ್ಲ. ಇನ್ನು ಬರೆಯು—