ವಿರಾಮದ ಹೊತ್ತಿಗೆ ಕಂಡ ಮುಖ

ಮಾರ್ಚ್ ೨೩, ಭಾನುವಾರ

ಪ್ರೀತಿಯ ಅತ್ತಿಗೆ,

ನೀನೂ ಅಮ್ಮನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನಗಳಾದವು. ನಿನ್ನ ಮದುವೆಯ ದಿನ ಗೊತ್ತಾಯಿತು ಎಂದು ನೀನು ಅಷ್ಟು ಸಂಕೋಚದಿಂದ, ಅಷ್ಟು ಸಂತೋಷದಿಂದ ಬರೆದಿದ್ದೆ. ಅದಕ್ಕೆ ನಾನು ಎರಡು ಸಾಲಿನ ಉತ್ತರವನ್ನೂ ಬರೆಯಲಿಲ್ಲ. ಫೋನ್ ಮಾಡಿದಾಗಲೂ ಲ್ಯಾಬಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎಂದು ತಪ್ಪಿಸಿಕೊಂಡೆ. ನಾದಿನಿಗೆ ಈ ಮದುವೆ ಇಷ್ಟವಿಲ್ಲವೇನೋ ಎಂದು ನೀನು ಅಂದುಕೊಂಡಿದ್ದರೆ ದಯವಿಟ್ಟು ಆ ಯೋಚನೆಯನ್ನು ಈಗಲೇ ತೆಗೆದುಹಾಕು. ನಿಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನು ಕಂಡರೆ ಅಮ್ಮನಿಗೆ ಎಷ್ಟು ಇಷ್ಟವೋ ನನಗೂ ಅಷ್ಟೇ ಇಷ್ಟ.

ಅಮ್ಮ ಪಕ್ಕದಲ್ಲಿದ್ದರೆ ಈ ಕಾಗದವನ್ನು ಮಡಚಿಡು. ಒಬ್ಬಳೇ ಇದ್ದಾಗ, ಕೂತುಕೊಂಡು ಓದು. ವಿಷಯವನ್ನು ಒಂದೇ ಸಾಲಿನಲ್ಲಿ ಬರೆಯಲು ನೋಡಿದೆ. ಆ ಸಾಲು ಕಾಗದದ ಮೇಲೆ ನಿಂತದ್ದನ್ನು ನೋಡಿ ನನಗೇ ಹೆದರಿಕೆಯಾಗಿ ಹರಿದುಹಾಕಿದೆ. ನನಗೆ ಹೇಗೆ ಗೊತ್ತಾಯಿತೋ ಅದೇ ಕ್ರಮದಲ್ಲಿ ಹೇಳುತ್ತೇನೆ, ತಡೆದುಕೋ.

ಈ ಊರಿನ ಫುಟ್‌ಬಾಲ್ ಹುಚ್ಚಿನ ಬಗ್ಗೆ ಮೊದಲೇ ಬರೆದಿದ್ದೆನಲ್ಲ. ಪಂದ್ಯವಿದ್ದ ದಿನ ನಮ್ಮ ಗೈಡ್ ಮೇಡಂ ಯಾರ ಪ್ರಬಂಧವನ್ನೂ ಮುಟ್ಟುವುದಿಲ್ಲ. ತಂಡ ಸೋತರೆ ಮರುದಿನ ನಮ್ಮ ಮನೆಯೊಡತಿಗೆ ಮಹಡಿಗೆ ನೀರು ಬಿಡುವುದೇ ಮರೆತುಹೋಗುತ್ತದೆ, ಜೆರಾಕ್ಸ್ ಅಂಗಡಿಯವನು ಪುಟಗಳನ್ನೆಲ್ಲ ಸೊಟ್ಟಗೆ ಹೊಡೆದು ಕೊಡುತ್ತಾನೆ. ಹುಲ್ಲಿನ ಬೇರಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದರೆ ನಮ್ಮ ಕಡೆ ನಗುತ್ತಾರೆ. ಇಲ್ಲಿ ಮಾತ್ರ ಬಸ್ ಕಂಡಕ್ಟರ್ ಟಿಕೆಟ್ ಕೊಡುವುದನ್ನು ನಿಲ್ಲಿಸಿ, ಗೋಲ್ ಮುಂದೆ ಹುಲ್ಲು ಯಾಕೆ ಹಾಗೆ ಕಿತ್ತು ಬರುತ್ತಿದೆ ಎಂದು ವಿಚಾರಿಸುತ್ತಾನೆ. ಅಷ್ಟು ಮರ್ಯಾದೆ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಈ ತಂಡದ ಹುಚ್ಚನ್ನು ನನಗೆ ಹತ್ತಿಸಿದ್ದು ಅಣ್ಣ ಎಂಬುದು ನಿನಗೆ ಗೊತ್ತೇ ಇದೆ. ನಾನು ಇಲ್ಲಿಗೆ ಅರ್ಜಿ ಹಾಕಿದಾಗ ನೀನೇ ಹೇಳಿದ್ದೆ, ನಿಮ್ಮಣ್ಣ ಇದ್ದಿದ್ದರೆ ನಿನಗಿಂತ ಮೊದಲು ಪೆಟ್ಟಿಗೆ ಕಟ್ಟುತ್ತಿದ್ದರು ಎಂದು.

ಕಳೆದ ತಿಂಗಳು ಸೆಮಿಫೈನಲ್ಲಿನ ಮೊದಲ ಪಂದ್ಯ ಇಲ್ಲಿಯೇ ಇತ್ತು. ಆಟ ನಡೆಯುವ ದಿನವೇ ಮಣ್ಣಿನ ತೇವ ಅಳೆಯಬೇಕೆಂದು ಮೇಡಂ ಓಡಾಡಿ ನನಗೆ ಮೈದಾನದ ಪಾಸು ಕೊಡಿಸಿದ್ದರು. ವಿರಾಮದ ಹೊತ್ತಿನಲ್ಲಿ ಮೈದಾನದ ಆಳುಗಳು ಕೈಯಲ್ಲಿ ಮುಳ್ಳುಕೋಲು ಹಿಡಿದು ಬೂಟುಗಳು ಎಬ್ಬಿಸಿದ ಹೆಂಟೆಗಳನ್ನು ಒತ್ತಿ ಕೂರಿಸುತ್ತ ಹೋಗುತ್ತಾರೆ. ಅವರ ಹಿಂದೆಯೇ ನಾನು ಗೋಲಿನ ಮುಂದೆ ಮಂಡಿಯೂರಿ ಕೂತು ಮೀಟರಿನ ಕಡ್ಡಿಯನ್ನು ನೆಲಕ್ಕೆ ಚುಚ್ಚುತ್ತಿದ್ದೆ. ಆಗ ಮೈದಾನದ ಸುತ್ತ ಜನ ಒಟ್ಟಿಗೆ ನಕ್ಕರು. ನನ್ನನ್ನು ನೋಡಿಯೇ ನಕ್ಕರೇನೋ ಎಂದು ತಲೆಯೆತ್ತಿದೆ. ದೊಡ್ಡ ಪರದೆಯಲ್ಲಿ ಒಂದು ಪುಟ್ಟ ಹುಡುಗಿ ಕಾಣುತ್ತಿದ್ದಳು. ಅವಳ ಅಪ್ಪನ ಟೋಪಿ ಅವಳ ಮೂಗಿನವರೆಗೆ ಇಳಿದಿತ್ತು, ಅವಳು ಹಾಗೆಯೇ ಕೈ ಬೀಸುತ್ತಿದ್ದಳು. ಪಕ್ಕದಿಂದ ಅಪ್ಪ ಬಾಗಿ ಟೋಪಿಯನ್ನು ಮೇಲೆತ್ತಿದ. ಆಮೇಲೆ ತಾವು ಪರದೆಯ ಮೇಲಿರುವುದು ತಿಳಿದು ತಟಕ್ಕನೆ ಮುಖ ತಿರುಗಿಸಿದ.

ಅತ್ತಿಗೆ, ಅದು ಅಣ್ಣ.

ಗಡ್ಡ ಬಂದಿದೆ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿದೆ. ಆದರೆ ಅಣ್ಣನೇ. ಎಂಟು ವರ್ಷದ ಹಿಂದೆ ಸೇತುವೆಯ ಮೇಲೆ ಬೈಕು ನಿಲ್ಲಿಸಿ, ಹ್ಯಾಂಡಲಿಗೆ ಹೆಲ್ಮೆಟ್ ನೇತುಹಾಕಿ ಹೋದವನು. ಈಜುಗಾರರು ಹುಡುಕಿದರೂ ಸಿಗದವನು. ಸತ್ತಿದ್ದಾನೆಂದು ಕೋರ್ಟು ಬರೆದುಕೊಟ್ಟವನು.

ಎರಡನೇ ಅರ್ಧ ಶುರುವಾಗುತ್ತದೆ, ಎದ್ದೇಳಿ ಎಂದು ಮೈದಾನದ ಮೇಲ್ವಿಚಾರಕರು ಕೂಗಿದ್ದು ದೂರದಲ್ಲೆಲ್ಲೋ ಕೇಳಿಸಿತು. ಅವರೇ ಬಂದು ತೋಳು ಹಿಡಿದು ಎಬ್ಬಿಸಿ ಗೆರೆಯಾಚೆ ಕರೆತಂದರು. ಬಿಸಿಲಿಗೆ ತಲೆ ಸುತ್ತಿರಬೇಕೆಂದು ನೀರು ಕೊಟ್ಟರು. ಅಲ್ಲಿಯೇ ಬಿದ್ದಿದ್ದ ಮೀಟರನ್ನು ಗೋಲ್‌ಕೀಪರ್ ತಂದುಕೊಟ್ಟನಂತೆ. ಪರದೆಯಲ್ಲಿ ಅಣ್ಣನ ಹಿಂದೆ ನೀಲಿ ಬಣ್ಣದ ಕಂಬವಿದ್ದದ್ದು ನೆನಪಿತ್ತು. ಆಟ ಮುಗಿದು ನನ್ನನ್ನು ಬಿಟ್ಟದ್ದೇ ಆ ಕಡೆಯ ಬಾಗಿಲಿಗೆ ಓಡಿದೆ. ಆದರೆ ತಂಡ ಗೆದ್ದಿತ್ತು. ಬಾಗಿಲು ತೆರೆದದ್ದೇ ಜನ ಕುಣಿಯುತ್ತ, ಒಬ್ಬರನ್ನೊಬ್ಬರು ಹೊತ್ತುಕೊಂಡು ಹೊರಗೆ ಬಿದ್ದರು. ಯಾರೋ ನನ್ನನ್ನೂ ತಬ್ಬಿ ಕುಣಿಸಿದರು. ಆ ಗದ್ದಲದಲ್ಲಿ ಒಂದು ಮುಖವನ್ನು ಹುಡುಕುವುದೆಂದರೆ ಹೇಗೆ ಹೇಳು. ಕೊನೆಗೆ ಕಸ ಗುಡಿಸುವವರು ಬಂದಾಗ ನಾನೊಬ್ಬಳೇ ಅಲ್ಲಿ ನಿಂತಿದ್ದೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ತಿಳಿಯದು. ನನಗೆ ಭ್ರಮೆಯೇ ಹಿಡಿದಿದೆ ಎಂದು ನನ್ನನ್ನು ನಾನೇ ನಂಬಿಸಲು ನೋಡಿದೆ. ಬೇರು ತೊಳೆಯುವ ಜರಡಿಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತವಳು ಬೇರುಗಳೆಲ್ಲ ಕೊಚ್ಚಿಹೋಗುವವರೆಗೂ ನಿಂತೇ ಇರುತ್ತಿದ್ದೆ. ಒಂದು ತಿಂಗಳ ಮಾದರಿ ಹೀಗೆ ಹಾಳಾಯಿತು. ಮೇಡಂ ಬೈಯಲಿಲ್ಲ, ಮನೆಗೆ ಹೋಗಿ ಬಾ ಎಂದರು. ಅದು ಬೈಗುಳಕ್ಕಿಂತ ಕಷ್ಟವಾಯಿತು. ಕೊನೆಗೆ ನನ್ನ ಪಕ್ಕದ ಮೇಜಿನ ಗೆಳತಿಯ ಹತ್ತಿರ, ದಪ್ಪ ಕನ್ನಡಕದವಳು, ನಾವೆಲ್ಲ ಗೋಲಿ ಎನ್ನುತ್ತೇವಲ್ಲ ಅವಳ ಹತ್ತಿರ, ಪರಿಚಯದವರೊಬ್ಬರನ್ನು ಅಲ್ಲಿ ಕಂಡಂತಾಯಿತು ಎಂದಷ್ಟೇ ಹೇಳಿದೆ. ನೀಲಿ ಕಂಬದ ಕಡೆಯ ಸೀಟುಗಳನ್ನು ಇಡೀ ವರ್ಷಕ್ಕೆ ಆಯಾ ಜನರೇ ಹಿಡಿದಿಟ್ಟುಕೊಂಡಿರುತ್ತಾರೆ, ಇಲ್ಲಿ ನಡೆಯುವ ಮುಂದಿನ ಪಂದ್ಯಕ್ಕೆ ಹೋದರೆ ಅವರು ಅಲ್ಲೇ ಸಿಗುತ್ತಾರೆ ಎಂದಳು ಗೋಲಿ.

ಹೋದೆ. ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಅವನು ಮಗಳ ಕೈ ಹಿಡಿದುಕೊಂಡು, ಅವಳ ಮಾತಿಗೆ ತಲೆಯಾಡಿಸುತ್ತ ಬಂದ. ನನ್ನನ್ನು ನೋಡಿದ. ನಾನು ಆಗ ಎರಡು ಜಡೆ ಹಾಕಿಕೊಳ್ಳುತ್ತಿದ್ದ ಹುಡುಗಿ, ಗುರುತು ಹಿಡಿಯಲಿಕ್ಕಿಲ್ಲ ಎಂದುಕೊಂಡಿದ್ದೆ. ಅವನ ಮುಖದ ಬಣ್ಣವೇ ಹೋಯಿತು.

ಅವನು ಕೇಳಿದ ಮೊದಲ ಮಾತು, "ಒಬ್ಳೇ ಬಂದಿದೀಯಾ?"

ಹೆದರಿ ಕೇಳಿದನೋ, ಕಾಳಜಿಯಿಂದ ಕೇಳಿದನೋ, ಈಗಲೂ ಗೊತ್ತಾಗುತ್ತಿಲ್ಲ. ಒಬ್ಬಳೇ ಎಂದೆ. ಪಕ್ಕದ ಸೀಟಿನ ಹೆಂಗಸಿನ ಜೊತೆ ಮಗಳನ್ನು ಮೇಲೆ ಕಳಿಸಿ ನನ್ನನ್ನು ಮೆಟ್ಟಿಲ ಕೆಳಗೆ ಕರೆದುಕೊಂಡು ಹೋದ. ನಾವು ಮಾತಾಡಿದ್ದೆಲ್ಲ ಅಲ್ಲಿಯೇ, ತಲೆಯ ಮೇಲೆ ಸಾವಿರಾರು ಜನ ಕಾಲು ಕುಟ್ಟುತ್ತಿದ್ದಾಗ. ಏನೇನೋ ಕೇಳಬೇಕೆಂದು ಹೋದವಳು ಮೊದಲು ಅವನ ಎದೆಗೆ ಗುದ್ದಿದೆ. ಅವನು ತಡೆಯಲಿಲ್ಲ.

ಅಮ್ಮ ಹೊಳೆಯ ದಡದಲ್ಲಿ ಕೂತೇ ಇದ್ದಳು, ಊಟ ನಿದ್ದೆ ಬಿಟ್ಟು ಕೂತಿದ್ದಳು, ಕೊನೆಗೆ ನೀನೂ ನಾನೂ ಎತ್ತಿಕೊಂಡೇ ಬರಬೇಕಾಯಿತು ಎಂದು ಹೇಳಿದೆ. ಅವನು ಗೋಡೆಗೆ ಹಣೆ ಒತ್ತಿ ನಿಂತ. ಆಮೇಲೆ ನಿಧಾನವಾಗಿ ಹೇಳಿದ. ಅವತ್ತು ಅವನು ಸಾಯಲೆಂದೇ ಹೋಗಿದ್ದನಂತೆ. ಕಂಬಿ ಹಿಡಿದು ಬಹಳ ಹೊತ್ತು ನಿಂತಿದ್ದನಂತೆ, ಆಗಲಿಲ್ಲ. ಹಾಗೆಂದು ಹಿಂದಿರುಗಿ ಮನೆಗೆ ಬರಲೂ ಆಗಲಿಲ್ಲ. ಒಂದು ಲಾರಿ ನಿಂತಿತು, ಹತ್ತಿದ. ಅಷ್ಟೇ. ಯಾಕೆ, ನಿನಗೆ ಏನು ಕಡಿಮೆಯಾಗಿತ್ತು ಎಂದು ಕೇಳಿದೆ.

"ಕಾರಣ ಅಂತ ಒಂದಿದ್ದಿದ್ರೆ ಹೇಳ್ಕೋಬಹುದಿತ್ತು ಕಣೇ," ಎಂದ. "ಏನೂ ಇರ್ಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ರೆ ಎದೆ ಮೇಲೆ ಯಾರೋ ಕೂತಂಗಿರ್ತಿತ್ತು. ಯಾರ ಹತ್ರ ಹೋಗಿ ಏನಂತ ಹೇಳ್ಲಿ?"

ಈಗ ನಿನಗಾಗಿ ಬರೆಯಬೇಕಾದ ಮಾತು. ಬೇರೆಲ್ಲ ಮರೆತರೂ ಇದನ್ನು ಮರೆಯಬೇಡ. ಇಸ್ತ್ರಿಪೆಟ್ಟಿಗೆ ರಿಪೇರಿಗೆ ಕೊಡಲಿಲ್ಲ ಎಂದು ಅವತ್ತು ಬೆಳಿಗ್ಗೆ ಜಗಳವಾಡಿದ್ದಕ್ಕೇ ಹೀಗಾಯಿತೆಂದು ಅತ್ತಿಗೆ ಈಗಲೂ ಕೊರಗುತ್ತಾಳೆ ಎಂದೆ. ಅವನು ಪೆಚ್ಚಾಗಿ ನನ್ನ ಮುಖ ನೋಡಿದ.

"ಯಾವ ಜಗಳ?"

ಅವನಿಗೆ ನೆನಪೇ ಇಲ್ಲ ಅತ್ತಿಗೆ. ನಾನು ಬಿಡಿಸಿ ಹೇಳಿದರೂ ನೆನಪಾಗಲಿಲ್ಲ. ನೀನು ಎಂಟು ವರ್ಷ ಯಾವುದನ್ನು ಹೊತ್ತುಕೊಂಡು ಓಡಾಡಿದೆಯೋ ಅದು ಅವನ ತಲೆಯಲ್ಲಿ ಒಂದು ದಿನವೂ ಇರಲಿಲ್ಲ. ಇದನ್ನು ಕೇಳಿ ನಿನಗೆ ಹಗುರಾಗುತ್ತದೋ, ಸಿಟ್ಟು ಬರುತ್ತದೋ ನನಗೆ ತಿಳಿಯದು. ನನಗಂತೂ ಎರಡೂ ಆಯಿತು.

ಅವನು ಇಲ್ಲಿ ಮರಗೆಲಸದ ಕಾರ್ಖಾನೆಯೊಂದರಲ್ಲಿ ಬಾಗಿಲುಗಳಿಗೆ ಪಾಲಿಶ್ ಹಾಕುತ್ತಾನೆ. ಜೊತೆಗಿರುವವಳು ಅಲ್ಲಿಯೇ ಕೆಲಸ ಮಾಡುವವಳು. ತನಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದು ಅವಳಿಗೆ ಹೇಳಿದ್ದಾನಂತೆ. ನಿನ್ನ ಮದುವೆಯ ಸುದ್ದಿ ಹೇಳಿದಾಗ, ಆತ ಒಳ್ಳೆಯವನಾ ಎಂದು ಕೇಳಿದ. ತುಂಬಾ ಒಳ್ಳೆಯವರು ಎಂದೆ. ಹಾಗಿದ್ದರೆ ನನ್ನ ಸುದ್ದಿ ಯಾಕೆ ಎತ್ತುತ್ತೀಯ, ಸತ್ತವನು ಸತ್ತ ಹಾಗೇ ಇರಲಿ ಎಂದ. ಅಷ್ಟರಲ್ಲಿ ಮೇಲೆ ಗೋಲಾಯಿತು. ಮೆಟ್ಟಿಲುಗಳೆಲ್ಲ ನಡುಗಿದವು. ಮಾತು ಅರ್ಧಕ್ಕೆ ಬಿಟ್ಟು ಅವನು ತಲೆಯೆತ್ತಿ ಕಿವಿಗೊಟ್ಟ, ಹೊಡೆದವರು ಯಾರೆಂದು ತಿಳಿಯಲು. ಅದನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು. ಆಗಲೇ ನಿರ್ಧರಿಸಿದೆ, ನಿನಗೆ ಹೇಳಬೇಕು ಎಂದು.

ಇವತ್ತು ನಾನು ಪರದೆಯಲ್ಲಿ ನೋಡಿದೆ, ನಾಳೆ ಬೇರೆ ಯಾರಾದರೂ ನೋಡುತ್ತಾರೆ, ಆಗ ಅತ್ತಿಗೆಯ ಹೊಸ ಸಂಸಾರದ ಗತಿಯೇನು ಎಂದು ಕೇಳಿದೆ. ಕೊನೆಗೆ ಒಪ್ಪಿಕೊಂಡ. ಎಲ್ಲಿಗೆ ಕರೆದರೂ ಬರುತ್ತಾನೆ, ಎಲ್ಲಿ ಸಹಿ ಹಾಕು ಎಂದರೂ ಹಾಕುತ್ತಾನೆ. ಜೊತೆಗಿರುವವಳಿಗೂ ತಾನೇ ಹೇಳುತ್ತೇನೆ ಎಂದ. ಮೊನ್ನೆ ಫೋನ್ ಮಾಡಿದ್ದ, ಹೇಳಿದ್ದಾನಂತೆ. ಅವಳು ಮಗಳನ್ನು ಕರೆದುಕೊಂಡು ತಂಗಿಯ ಮನೆಗೆ ಹೋಗಿದ್ದಾಳೆ. ನಾನು ವಿಶ್ವವಿದ್ಯಾಲಯದ ವಕೀಲರನ್ನು ಕಂಡು, ಯಾರದೋ ಕಥೆ ಎಂಬಂತೆ ವಿಚಾರಿಸಿದೆ. ಅವನು ಬದುಕಿದ್ದಾನೆಂದು ಮೊದಲು ಕೋರ್ಟಿಗೆ ತಿಳಿಸಬೇಕು, ಆಮೇಲೆ ಗಂಡಹೆಂಡತಿ ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯಬೇಕು ಎಂದರು. ನಿನ್ನ ಮದುವೆ ಸ್ವಲ್ಪ ಕಾಲ ಮುಂದೆ ಹೋಗಬಹುದು. ನಿಲ್ಲಬೇಕಾಗಿಲ್ಲ. ಮೇಷ್ಟ್ರಿಗೆ ಎಲ್ಲವನ್ನೂ ಹೇಳು, ಅವರು ಕಾಯುವ ಮನುಷ್ಯ.

ಇನ್ನು ಅವನನ್ನು ನೋಡಬೇಕೋ, ಬೈಯಬೇಕೋ, ಹೆಸರೇ ಎತ್ತಬಾರದೋ, ಅದು ನಿನ್ನ ಇಷ್ಟ. ಯಾರೂ ನಿನಗೆ ಬುದ್ಧಿ ಹೇಳಬೇಕಾಗಿಲ್ಲ, ನಾನೂ ಹೇಳುವುದಿಲ್ಲ. ಶುಕ್ರವಾರ ಹೊರಟು ಬರುತ್ತಿದ್ದೇನೆ. ಅಮ್ಮನಿಗೆ ನಾನೇ ಹೇಳುತ್ತೇನೆ, ನೀನು ಪಕ್ಕದಲ್ಲಿ ಕೂತಿರು, ಸಾಕು. ಅಲ್ಲಿಯವರೆಗೆ ಅವಳ ಮುಂದೆ ಹೇಗೆ ಇರುತ್ತೀಯೋ ಎಂಬುದೇ ನನ್ನ ಚಿಂತೆ. ಇಷ್ಟು ದೊಡ್ಡ ಹೊರೆಯನ್ನು ಅಂಚೆಯಲ್ಲಿ ಕಳಿಸಿದ್ದಕ್ಕೆ ಕ್ಷಮಿಸು.

ವಯಸ್ಸಿನಲ್ಲಿ ಚಿಕ್ಕವಳು, ಹರಸುವ ಅಧಿಕಾರ ನನಗಿಲ್ಲ. ಆದರೂ ಈ ಸಲ ನಾನೇ ಹರಸುತ್ತೇನೆ. ನಿನ್ನ ಮುಂದಿನ ಮನೆಯಲ್ಲಿ ನಿನಗೆ ನೆಮ್ಮದಿಯ ನಿದ್ದೆ ಬರಲಿ.

ಇಂತಿ ನಿನ್ನ,
ನಾದಿನಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ಪಂದ್ಯ ಮುಗಿದ ಮೇಲೆ ಆ ಮಗು ಕೆಳಗೆ ಓಡಿ ಬಂತು. ಅಪ್ಪನ ಕಾಲು ತಬ್ಬಿ, ನನ್ನನ್ನು ನೋಡಿ, ಇದು ಯಾರು ಎಂದು ಕೇಳಿತು. ಹುಟ್ಟಿದಾಗಿನಿಂದ ನನ್ನನ್ನು "ಏ ಕೋತಿ" ಎಂದೇ ಕರೆದವನು, ಜಡೆ ಹಿಡಿದು ಎಳೆದವನು, ನನ್ನ ಮುಖ ನೋಡದೆ ಹೇಳಿದ, "ಯಾರೋ ಪುಟ್ಟಾ. ದಾರಿ ಕೇಳ್ತಿದ್ರು." ಅತ್ತಿಗೆ, ಅಣ್ಣ ನನಗೆ ಬಹುವಚನ ಹಾಕಿದ. ಏನು ಮಾಡಲಿ, ಮಗು ಕಾಯುತ್ತಿತ್ತು. ಬಸ್ ಸ್ಟಾಪ್ ಯಾವ ಕಡೆ ಎಂದು ಅದನ್ನೇ ಕೇಳಿದೆ. ಅದು ಕೈ ಉದ್ದ ಚಾಚಿ ತೋರಿಸಿತು. ತೋರಿಸಿದ್ದು ತಪ್ಪು ದಿಕ್ಕು. ಥ್ಯಾಂಕ್ಸ್ ಹೇಳಿ, ಅದು ತೋರಿಸಿದ ಕಡೆಗೇ ನಡೆದುಕೊಂಡು ಹೋದೆ.